ಮದುವೆಯಾಗದ ಕಬ್ಬನ್ ಸಾಹೇಬರ ಮನೆತನ

ಕಬ್ಬನ್ ಎಂಬ ಅಡ್ಡಹೆಸರಿನವರು ಲೋಕದಲ್ಲಿ ತೀರ ಕಡಿಮೆ. ಆದರೆ ಆ ಹೆಸರನ್ನು ದಿನಬೆಳಗಾದರೆ ಬಾಯಲ್ಲಿ ಆಡುವವರು ಬೆಂಗಳೂರಿನಲ್ಲಿ ಇರುವಷ್ಟು ಇನ್ನೆಲ್ಲೂ ಇರಲಾರರು. ನಮ್ಮ ಮೂಡಲಪಾಳ್ಯದಿಂದ ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ ದಾಟಿ, ವಿಧಾನಸೌಧವೂ ಹಿಂದಾದರೆ ಆ ಹೆಸರನ್ನು ರೈಲೇ ಕೂಗಿ ಹೇಳುತ್ತದೆ. ಇಳಿಯುವವರಲ್ಲಿ ಕಬ್ಬನ್ ಎಂದರೆ ಯಾರು ಎಂದು ಕೇಳುವವರು ಅಪರೂಪ. ಚಿಕ್ಕಂದಿನಲ್ಲಿ ನಾವಂತೂ ಅಲ್ಲಿ ಹಿಂದೆ ಕಬ್ಬಿನ ಗದ್ದೆ ಇತ್ತೆಂದೇ ನಂಬಿದ್ದೆವು.

ನಾನು ಓದಿ ದೊಡ್ಡವನಾದವನಲ್ಲ. ಚಿಕ್ಕಪೇಟೆಯ ಜರಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಆಯುಷ್ಯ ಸವೆಸಿದವನು. ಲೆಕ್ಕದ ಪುಸ್ತಕದಲ್ಲಿ ದಿನವೂ ನೂರಾರು ಹೆಸರು ಬರೆದು ಬರೆದು, ಈ ಹೆಸರು ಎಲ್ಲಿಂದ ಬಂತು, ಆ ಹೆಸರು ಯಾವ ಊರಿನದು ಎನ್ನುವ ಚಟ ಹತ್ತಿತು. ರಜೆಯ ದಿನ ಪಾರ್ಕಿನೊಳಗಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಸರ್ಕಾರಿ ಗ್ರಂಥಾಲಯದಲ್ಲಿ ಕೂರುತ್ತಿದ್ದೆ. ಪಾರ್ಕಿನ ಹೆಸರಿನ ಮೂಲವನ್ನು ಹುಡುಕಲು ಅದಕ್ಕಿಂತ ತಕ್ಕ ಜಾಗ ಎಲ್ಲಿದೆ?

ಕಬ್ಬನ್ ಇಂಗ್ಲಿಷರ ಹೆಸರೆಂದು ನಾವು ಹೇಳುವುದು ರೂಢಿ. ಸರಿಯಾಗಿ ನೋಡಿದರೆ ಅದು ಇಂಗ್ಲೆಂಡಿನದೂ ಅಲ್ಲ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ವಿಸ್ತೀರ್ಣ 572 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ನಗರ ಜಿಲ್ಲೆಯ ಕಾಲುಭಾಗ. ಜನಸಂಖ್ಯೆ 84 ಸಾವಿರದ ಆಸುಪಾಸು. ಮೂಡಲಪಾಳ್ಯದಂಥ ಎರಡು ಮೂರು ವಾರ್ಡು ಕೂಡಿಸಿದರೆ ಅಷ್ಟು ಜನ ಇಲ್ಲೇ ಸಿಗುತ್ತಾರೆ. ಆದರೂ ಆ ದ್ವೀಪಕ್ಕೆ ಟಿನ್‌ವಾಲ್ಡ್ ಎಂಬ ತನ್ನದೇ ಸಂಸತ್ತಿದೆ. ಅದು ಬ್ರಿಟನ್ ರಾಣಿ-ರಾಜರ ಅಧೀನದಲ್ಲಿದ್ದರೂ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿಲ್ಲ. ಅಲ್ಲಿಯ ಮ್ಯಾಂಕ್ಸ್ ಭಾಷೆ ಐರಿಶ್ ಭಾಷೆಯ ತಂಗಿ. ಅದನ್ನು ತಾಯಿನುಡಿಯಾಗಿ ಕಲಿತ ಹಳೆಯ ತಲೆಮಾರಿನ ಕೊನೆಯವನು ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ. ಆತ ತೀರಿಕೊಂಡದ್ದು 1974ರಲ್ಲಿ. ಅಷ್ಟರಲ್ಲಿ ಭಾಷೆ ಹೋಗಿತ್ತು, ಮನೆತನದ ಹೆಸರುಗಳು ಮಾತ್ರ ಉಳಿದಿದ್ದವು.

ಆ ಹೆಸರುಗಳ ಹುಟ್ಟು ಸೊಗಸಾಗಿದೆ. ಆ ಸೀಮೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಗಿಲ್ಬರ್ಟ್ ಎಂಬುವನನ್ನು ಸಲಿಗೆಯಿಂದ ಗಿಬ್, ಗಿಬ್ಬನ್ ಎನ್ನುತ್ತಿದ್ದರು, ನಾವು ಕೃಷ್ಣನನ್ನು ಕಿಟ್ಟಿ ಎಂದಂತೆ. ಅವನ ಮಗ ಮ್ಯಾಕ್ ಗಿಬ್ಬನ್. ಸ್ಕಾಟ್ಲೆಂಡಿನವರು ಮ್ಯಾಕ್ ಅನ್ನು ಪೂರ್ತಿ ಉಳಿಸಿಕೊಂಡರು. ಮ್ಯಾನ್ ದ್ವೀಪದವರು ಹದಿನೇಳನೆಯ ಶತಮಾನದ ಹೊತ್ತಿಗೆ ಅದರ ಮೊದಲರ್ಧವನ್ನು ನುಂಗಿಬಿಟ್ಟರು. ಕೊನೆಯ ‘ಕ್’ ಮಾತ್ರ ಮುಂದಿನ ಹೆಸರಿಗೆ ಅಂಟಿಕೊಂಡಿತು. ಹೀಗೆ ಮ್ಯಾಕ್ ಗಿಬ್ಬನ್ ಹೋಗಿ ಕಬ್ಬನ್ ಆಯಿತು, ಮ್ಯಾಕ್ ನೀಲ್ ಹೋಗಿ ಕ್ನೀಲ್ ಆಯಿತು, ಮ್ಯಾಕ್ ಡರ್ಮಟ್ ಹೋಗಿ ಕರ್ಮೋಡ್ ಆಯಿತು. ಅದಕ್ಕೇ ಆ ದ್ವೀಪದ ಹಳೆಯ ಮನೆತನಗಳಲ್ಲಿ ಬಹುಪಾಲಿನವು ಇಂಗ್ಲಿಷಿನಲ್ಲಿ ಬರೆದಾಗ ಸಿ, ಕೆ, ಕ್ಯೂ ಅಕ್ಷರಗಳಿಂದಲೇ ಶುರುವಾಗುತ್ತವೆ. ಅಮೆರಿಕದ ಉಪಾಧ್ಯಕ್ಷನಾಗಿದ್ದ ಡ್ಯಾನ್ ಕ್ವೇಲ್ ಹೆಸರೂ ಅದೇ ದ್ವೀಪದ್ದು.

ಈ ಹೆಸರುಗಳನ್ನು ಹೆಕ್ಕಿ ಪುಸ್ತಕ ಮಾಡಿದವನು ಎ.ಡಬ್ಲ್ಯು. ಮೂರ್, 1890ರಲ್ಲಿ. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೆನ್ರಿ ಗಪ್ಪಿ ಎಂಬುವನು ಯಾವ ಅಡ್ಡಹೆಸರು ಯಾವ ಸೀಮೆಯಲ್ಲಿ ದಟ್ಟವಾಗಿದೆ ಎಂದು ಎಣಿಸಿ ಇನ್ನೊಂದು ಪುಸ್ತಕ ತಂದ. ಆತ ಎಣಿಸಿದ್ದು ರೈತರ ಹೆಸರುಗಳನ್ನು. ಹೊಲ ಇರುವವನು ಊರು ಬಿಡುವುದಿಲ್ಲ, ಅವನ ಹೆಸರೂ ಬಿಡುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಜಾಣತನದ ಲೆಕ್ಕವೇ. ಆದರೆ ವಿರಳ ಹೆಸರುಗಳನ್ನು ಆತ ಲೆಕ್ಕಕ್ಕೇ ಹಿಡಿಯಲಿಲ್ಲ, ನೋಡಬೇಕಾದ್ದು ಅವುಗಳನ್ನೇ ಎಂದು ನನಗನ್ನಿಸುತ್ತದೆ. ಸ್ಮಿತ್ ಎಂಬುವನು ಎಲ್ಲಿ ಬೇಕಾದರೂ ಹುಟ್ಟಿಯಾನು. ಕಬ್ಬನ್ ಎಂಬುವನು ಸಿಕ್ಕರೆ ಅವನ ಹಿಂದೆ ಒಂದು ಹಡಗು, ಒಂದು ರೇವು ಇದ್ದೇ ಇರುತ್ತದೆ. ದ್ವೀಪ ಬಿಟ್ಟರೆ ಆ ಹೆಸರಿನವರು ಹೆಚ್ಚು ಸಿಗುವುದು ಎದುರು ದಡದ ಲಿವರ್‌ಪೂಲ್ ಮತ್ತು ಲ್ಯಾಂಕಶೈರ್ ಕಡೆ. 1820ರ ದಶಕದಲ್ಲಿ ದ್ವೀಪದ ಎಷ್ಟೋ ಕುಟುಂಬಗಳು ಅಮೆರಿಕದ ಓಹಾಯೋ ಸೀಮೆಗೆ, ಕ್ಲೀವ್‌ಲ್ಯಾಂಡ್ ಆಸುಪಾಸಿಗೆ ಗುಳೆ ಹೋದವು. ಹೆಸರುಗಳೂ ಅವರ ಗಂಟಿನಲ್ಲೇ ಹೋದವು.

ನಮ್ಮಲ್ಲೂ ಇಂಥ ಲೆಕ್ಕ ಹಾಕಬಹುದು, ಆದರೆ ತುಂಗಭದ್ರೆಯ ಆಚೆ. ಧಾರವಾಡ, ಬಾಗಲಕೋಟೆ ಕಡೆಯಿಂದ ಜರಿ ಕೊಳ್ಳಲು ಬರುತ್ತಿದ್ದ ಗಿರಾಕಿಗಳಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ, ಹಿರೇಮಠ ಎಂಬವರೆಲ್ಲ ಇದ್ದರು. ಹೆಸರು ಬರೆದುಕೊಳ್ಳುವಾಗಲೇ ಕಸುಬೋ ಊರೋ ತಿಳಿದುಬಿಡುತ್ತಿತ್ತು. ಕೊಡಗಿನವರದಾದರೆ ಒಕ್ಕದ ಹೆಸರು. ಹಳೇ ಮೈಸೂರಿನವರಾದ ನಮ್ಮದು ಬೇರೆ ಕಥೆ. ನಮಗೆ ಇರುವುದು ಇನಿಷಿಯಲ್ಲು ಮಾತ್ರ: ಊರಿಗೊಂದು ಅಕ್ಷರ, ಅಪ್ಪನಿಗೊಂದು ಅಕ್ಷರ. ಮಗ ಹುಟ್ಟಿದರೆ ಅಪ್ಪನ ಅಕ್ಷರ ಬದಲಾಗುತ್ತದೆ, ತಾತನ ಅಕ್ಷರ ಮಾಯವಾಗುತ್ತದೆ. ಮೂಡಲಪಾಳ್ಯದ ಮತದಾರರ ಪಟ್ಟಿ ಹಿಡಿದು ಗಪ್ಪಿಯನ್ನು ಕೂರಿಸಿದ್ದರೆ ಸಂಜೆಯೊಳಗೆ ತಲೆ ಕೆರೆದುಕೊಂಡು ಎದ್ದುಹೋಗುತ್ತಿದ್ದ.

ಇನ್ನು ಕಬ್ಬನ್ ಸಾಹೇಬನ ವಿಚಾರ. ಮಾರ್ಕ್ ಕಬ್ಬನ್ ದ್ವೀಪದ ಈಶಾನ್ಯ ದಡದ ಮಾಘೋಲ್ಡ್ ಎಂಬ ಊರಿನ ಪಾದ್ರಿಯ ಮಗ. ಆ ಚರ್ಚಿನ ಅಂಗಳದಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಕೆತ್ತನೆಯ ಕಲ್ಲುಶಿಲುಬೆಗಳಿವೆ, ನಮ್ಮ ಹಳ್ಳಿಗಳ ವೀರಗಲ್ಲುಗಳ ಹಾಗೆ. ಹುಡುಗನಿಗೆ ಮೈಸೂರಿನ ದಾರಿ ತೋರಿಸಿದವನು ಸೋದರಮಾವ ಮಾರ್ಕ್ ವಿಲ್ಕ್ಸ್. ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದು, ಮೈಸೂರಿನ ಚರಿತ್ರೆಯನ್ನು ಮೂರು ಸಂಪುಟಗಳಲ್ಲಿ ಬರೆದ ವಿಲ್ಕ್ಸ್ ಇವನೇ. ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದಾಗ, 1815ರಲ್ಲಿ, ಸೆರೆಯಾಳಾಗಿ ಬಂದ ನೆಪೋಲಿಯನ್ನನನ್ನು ಕಂಡವನೂ ಇವನೇ. ಅಕ್ಕ-ತಂಗಿಯ ಮಕ್ಕಳಿಗೆ ಕೆಲಸ ಕೊಡಿಸುವುದು ನಮ್ಮಲ್ಲಿ ಮಾತ್ರ ಇರುವ ಪದ್ಧತಿ ಎಂದು ಬೈದುಕೊಳ್ಳುವವರು ಇದನ್ನು ಗಮನಿಸಬಹುದು.

ಮದರಾಸಿನ ಪದಾತಿ ಸೈನ್ಯದಲ್ಲಿ 1800ರ ಹೊತ್ತಿಗೆ ಕೆಡೆಟ್ ಆಗಿ ಸೇರಿದ ಕಬ್ಬನ್ 1834ರಲ್ಲಿ ಮೈಸೂರಿನ ಕಮಿಷನರ್ ಆದ. ನಗರ ಸೀಮೆಯ ರೈತರ ದಂಗೆಯನ್ನು ಮುಂದೆ ಮಾಡಿ 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತ್ತು. ರಾಜಧಾನಿ ಬೆಂಗಳೂರಿಗೆ ಬಂದದ್ದೂ ಆಗಲೇ. ಕಚೇರಿಗಳು ಕೋಟೆಯೊಳಗಿನ ಟಿಪ್ಪು ಅರಮನೆಯಲ್ಲಿ ನಡೆಯುತ್ತಿದ್ದವು. ಇಂದಿನ ರಾಜಭವನ ಕಬ್ಬನ್ ತನಗಾಗಿ ಕಟ್ಟಿಸಿಕೊಂಡ ಮನೆ. ಬೇಸಿಗೆಗೆ ನಂದಿಬೆಟ್ಟದ ಮೇಲೂ ಒಂದಿತ್ತು. ಆತನ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆ ಆದವು. ಜೋಲಾರ್‌ಪೇಟೆ ಕಡೆಯ ರೈಲಿನ ಕೆಲಸ 1859ರಲ್ಲಿ ಶುರುವಾಯಿತು.

ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಕಂಡ ಒಂದು ಸಂಗತಿ. ಕಬ್ಬನ್ ಆಡಳಿತದಲ್ಲಿ ಏಳುನೂರಕ್ಕೂ ಹೆಚ್ಚು ಚಿಲ್ಲರೆ ತೆರಿಗೆಗಳು ರದ್ದಾದವಂತೆ. ಮದುವೆಗೆ ತೆರಿಗೆ ಇತ್ತು. ಮಗು ಹುಟ್ಟಿದರೆ ತೆರಿಗೆ, ಅದರ ತಲೆಗೂದಲು ತೆಗೆಸಿದರೆ ತೆರಿಗೆ, ನಡುವೆ ಅದಕ್ಕೊಂದು ಹೆಸರಿಟ್ಟರೂ ತೆರಿಗೆ! ನಾಮಕರಣದ ದಿನ ತೊಟ್ಟಿಲ ಪಕ್ಕದಲ್ಲೇ ವಸೂಲಿಯವನು ನಿಲ್ಲುತ್ತಿದ್ದನೋ ಏನೋ. ಅದನ್ನು ತೆಗೆಸಿದವನ ಹೆಸರು ಊರಲ್ಲಿ ಉಳಿದದ್ದು ನ್ಯಾಯವೇ.

ಹಾಗೆಂದು ಆತನನ್ನು ದೇವರ ಗೂಡಿನಲ್ಲಿ ಇಡಬೇಕಾಗಿಲ್ಲ. ಮುಮ್ಮಡಿಯವರಿಗೆ ರಾಜ್ಯ ಮರಳಿಸುವ ಮಾತಿಗೆ ಆತನ ಬೆಂಬಲವಿರಲಿಲ್ಲ. ಆದರೂ 1860ರಲ್ಲಿ ಮೈಸೂರನ್ನು ಮದರಾಸು ಸರ್ಕಾರದ ಕೈಗೆ ಕೊಡುವ ಆಜ್ಞೆ ಬಂದಾಗ ಅರಸರೂ ಕಮಿಷನರೂ ಒಂದೇ ಕಡೆ ನಿಂತರು. ಕಬ್ಬನ್ ರಾಜೀನಾಮೆ ಬರೆದುಕೊಟ್ಟ. ಗವರ್ನರ್ ಜನರಲ್ ಕ್ಯಾನಿಂಗ್ ಆಜ್ಞೆಯನ್ನು ಹಿಂದಕ್ಕೆ ಪಡೆದ. ಮರುವರ್ಷ ಮೈಯಲ್ಲಿ ಶಕ್ತಿಯಿಲ್ಲದೆ ಮುದುಕ ಊರಿಗೆ ಹೊರಟ. 1861ರ ಏಪ್ರಿಲ್ 23ರಂದು ಸೂಯೆಜ್‌ನಲ್ಲಿ ಪ್ರಾಣ ಹೋಯಿತು. ಹೆಣ ಮಾತ್ರ ಮಾಘೋಲ್ಡ್ ತಲುಪಿತು. ಆತ ಮದುವೆಯಾದವನಲ್ಲ.

ಅಡ್ಡಹೆಸರು ಬೆಳೆಯುವುದು ಗಂಡುಮಕ್ಕಳಿಂದ. ಮೂರ್, ಗಪ್ಪಿ ಮತ್ತು ಈಗ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವವರು, ಎಲ್ಲರೂ ಎಣಿಸುವುದು ಅದನ್ನೇ. ಆ ನಕ್ಷೆಯಲ್ಲಿ ಬೆಂಗಳೂರು ಖಾಲಿ ಜಾಗ. ಇಲ್ಲಿ ಆ ಹೆಸರನ್ನು ಹೊತ್ತವರು ಮನುಷ್ಯರಲ್ಲ. ಒಂದು ರಸ್ತೆ, ಒಂದು ಪೇಟೆ, ಒಂದು ತೋಟ, ಈಗೊಂದು ಮೆಟ್ರೋ ನಿಲ್ದಾಣ. ಅದೂ ಎಷ್ಟು ಗಟ್ಟಿಯಾಗಿ! 1870ರಲ್ಲಿ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಆ ತೋಟ ಮಾಡಿಸಿದಾಗ ಆಗಿನ ಹಂಗಾಮಿ ಕಮಿಷನರ್ ಮೀಡ್ ನೆನಪಿಗೆ ಅದಕ್ಕೆ ಮೀಡ್ ಪಾರ್ಕ್ ಎಂದು ಹೆಸರು. ಮೀಡ್ ಹೆಸರು ನಿಲ್ಲಲಿಲ್ಲ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಅಧಿಕೃತವಾಗಿ ಬದಲಾಯಿಸಿದರು. ಫಲಕದಲ್ಲಿ ಅದಿದೆ, ಬಾಯಲ್ಲಿ ಕಬ್ಬನ್ ಇದೆ. ಮಾರೊಕೆಟ್ಟಿ ಎಂಬ ಶಿಲ್ಪಿ ಮಾಡಿದ ಕುದುರೆ ಮೇಲಿನ ಕಬ್ಬನ್ ಪ್ರತಿಮೆಯನ್ನು 1866ರಲ್ಲಿ ಪೆರೇಡ್ ಮೈದಾನದಲ್ಲಿ ನಿಲ್ಲಿಸಿದ್ದರು. ಅಲ್ಲಿಂದ ಈಗ ಹೈಕೋರ್ಟ್ ಆಗಿರುವ ಅಠಾರಾ ಕಚೇರಿ ಮುಂದಕ್ಕೆ ಬಂತು, 2020ರಲ್ಲಿ ಆ ಆವರಣದಿಂದ ಪಾರ್ಕಿನೊಳಕ್ಕೆ ಹೋಯಿತು. ಕುದುರೆ ಮೂರು ಕಡೆ ನಿಂತರೂ ಹೆಸರು ಜಾಗ ಬಿಟ್ಟಿಲ್ಲ.

ದಂಡಿನ ಕಡೆ ಸಾಹೇಬರ ಹೆಸರುಗಳಿಗೆ ಬರವಿಲ್ಲ: ಫ್ರೇಜರ್ ಟೌನ್, ಕಾಕ್ಸ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್, ಮರ್ಫಿ ಟೌನ್. ಅವೆಲ್ಲ ಸಾಹೇಬರೇ ತಮ್ಮವರಿಗೆ ಇಟ್ಟುಕೊಂಡವು. ಪೇಟೆಯ ಮಾತು ಬೇರೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ಹೀಗೆ ಸರಕಿನ ಹೆಸರು, ಇಲ್ಲವೇ ಕಸುಬಿನವರ ಹೆಸರು. ಅವುಗಳ ಸಾಲಿನಲ್ಲಿ ಕಬ್ಬನ್‌ಪೇಟೆ ಕೂತಿದೆ, ನೆಂಟರಿಷ್ಟರ ಪಂಕ್ತಿಯಲ್ಲಿ ಸಂಕೋಚವಿಲ್ಲದೆ.

ನಮ್ಮ ಮನೆ ಇದ್ದದ್ದು ಅಲ್ಲೇ. ತಾತನದು ಕುಣಿಮಗ್ಗ, ಅಪ್ಪನ ಕಾಲಕ್ಕೆ ಪವರ್‌ಲೂಮ್ ಬಂತು. ಗಲ್ಲಿಯಲ್ಲಿ ನಡೆದರೆ ಎರಡೂ ಬದಿಯ ಮನೆಗಳಿಂದ ಲಾಳಿಯ ಸದ್ದು, ಮಾತಾಡಬೇಕಾದರೆ ಕೂಗಬೇಕು. ಮಕ್ಕಳು ಬೆಳೆದರು, ಜಾಗ ಬೆಳೆಯಲಿಲ್ಲ. ಹಾಸು ಹಾಕಲು ಉದ್ದಕ್ಕೆ ಸ್ಥಳವಿಲ್ಲದೆ, ಬಾಡಿಗೆ ಏರಿ, ನಮ್ಮಂಥ ಎಷ್ಟೋ ನೇಕಾರ ಕುಟುಂಬಗಳು ಮಾಗಡಿ ರಸ್ತೆಯ ಆಸುಪಾಸಿಗೆ ಬಂದವು. ನಾವು ಮೂಡಲಪಾಳ್ಯಕ್ಕೆ ಬಂದಾಗ ಇಲ್ಲಿನ್ನೂ ರಾಗಿ ಹೊಲದ ನಡುವೆ ಸೈಟುಗಳ ಕಲ್ಲು ನೆಟ್ಟಿದ್ದರು. ಶೀಟಿನ ಶೆಡ್ಡು ಕಟ್ಟಿ ಎರಡು ಮಗ್ಗ ಇಳಿಸಿದೆವು. ಈಗ ಆ ಶೆಡ್ಡಿನ ಜಾಗದಲ್ಲಿ ಅಣ್ಣನ ಮಗ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದಾನೆ. ಸದ್ದಿಲ್ಲ, ಆದಾಯ ಜಾಸ್ತಿ.

ಪೇಟೆಯಲ್ಲಿದ್ದಾಗ ನೇಕಾರರ ಸಂಘವೊಂದರ ಪುಸ್ತಕದಲ್ಲಿ ಅಪ್ಪನ ಹೆಸರಿನವರೇ ಮೂವರು. ತಂದೆಯ ಹೆಸರಿನ ಅಕ್ಷರವೂ ಮೂವರಿಗೂ ಒಂದೇ. ನೂಲಿನ ಬಾಕಿ ಒಬ್ಬರದು ಇನ್ನೊಬ್ಬರ ತಲೆಗೆ ಬರುತ್ತಿತ್ತು. ಬೇಸತ್ತ ಕಾರ್ಯದರ್ಶಿ ಮೂವರಿಗೂ ಅವರವರ ಪೇಟೆಯ ಮೊದಲಕ್ಷರ ಹಚ್ಚಿದ. ಅಪ್ಪನಿಗೆ ‘ಸಿ’ ಬಂತು. ಅದು ರೇಷನ್ ಕಾರ್ಡಿಗೆ ಹೋಯಿತು, ಶಾಲೆಯ ದಾಖಲಾತಿಯಲ್ಲಿ ನಮ್ಮಣ್ಣನಿಗೂ ನನಗೂ ಊರಿನ ಇನಿಷಿಯಲ್ಲಾಗಿ ಅಂಟಿತು, ಮೂಡಲಪಾಳ್ಯಕ್ಕೆ ಬಂದಮೇಲೂ ಬಿಡಲಿಲ್ಲ.

ಅಣ್ಣನ ಮೊಮ್ಮಗ ಕಂಪ್ಯೂಟರ್ ಓದಿದವನು. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು ಎಂದಾಗ, ಕುಲನಾಮದ ಕಾಲಂನಲ್ಲಿ ಬೇರೇನೂ ತೋಚದೆ ‘ಕಬ್ಬನ್‌ಪೇಟ್’ ಎಂದು ತುಂಬಿದ. ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸದಲ್ಲಿದ್ದಾನೆ. ಆಫೀಸಿನಲ್ಲಿ ಅವನು ಮಿಸ್ಟರ್ ಕಬ್ಬನ್‌ಪೇಟ್. ಹೋದ ವರ್ಷ ಮಗ ಹುಟ್ಟಿದ, ಕೂಸಿನ ಜನನ ಪತ್ರದಲ್ಲೂ ಅಪ್ಪನ ಕುಲನಾಮವೇ ಏರಿತು. ಸದ್ಯಕ್ಕೆ ಆ ಅಡ್ಡಹೆಸರಿನವರು ನನಗೆ ತಿಳಿದಂತೆ ಇಬ್ಬರು. ಮೊಮ್ಮಗನ ಹೆಂಡತಿ ತನ್ನ ತಂದೆಯ ಹೆಸರನ್ನೇ ಇಟ್ಟುಕೊಂಡಿದ್ದಾಳೆ.