ಅನ್ನ ಬಿಡಿಸೋ ಸಮ್ಮೋಹನ: 240 ವರ್ಷದ ಲೆಕ್ಕ

1/8
ಈ ವಾರದ ಇತಿಹಾಸ ಸರಣಿ ನಿಮ್ಮ ಫೀಡ್‌ನಲ್ಲೇ ಓಡಾಡ್ತಿರೋ ಒಂದು ವಿಷಯದ ಮೇಲೆ. "ಕಣ್ಣು ಮುಚ್ಚಿ ಈ ಆಡಿಯೋ ಕೇಳಿ, 21 ದಿನದಲ್ಲಿ ಅನ್ನ, ಚಪಾತಿ, ಸ್ವೀಟ್ ಯಾವುದೂ ಬೇಡ ಅನ್ಸುತ್ತೆ" ಅನ್ನೋ ರೀಲ್ಸ್ ನೋಡಿರ್ತೀರ. ಲೋ ಕಾರ್ಬ್ ಡಯಟ್ ಬಿಡದೆ ಮಾಡೋಕೆ ಹಿಪ್ನಾಸಿಸ್, ಅಂದ್ರೆ ಸಮ್ಮೋಹನದ ಸಹಾಯ. ದುಡ್ಡು ಕಟ್ಟಿದ್ರೆ ಪೂರ್ತಿ ಪ್ಯಾಕೇಜ್. ನಿಜಾನಾ ಸುಳ್ಳಾ ಅಂತ ಕಾಮೆಂಟಲ್ಲಿ ಜಗಳ ಆಡೋ ಮುಂಚೆ, ಈ ಎರಡು ಐಡಿಯಾ ಎಲ್ಲಿಂದ ಬಂದ್ವು ನೋಡೋಣ. ಬಿಕಾಂ ಓದ್ತಿರೋಳು ನಾನು, ಹಳೇ ಲೆಡ್ಜರ್ ನೋಡದೆ ಬ್ಯಾಲೆನ್ಸ್ ಹೇಳಲ್ಲ.

2/8
ಮೊದಲು ಪ್ಯಾರಿಸ್. 1780ರ ದಶಕದಲ್ಲಿ ಫ್ರಾಂಜ್ ಮೆಸ್ಮರ್ ಅನ್ನೋ ವೈದ್ಯ ಅಲ್ಲಿ ಭಾರಿ ಫೇಮಸ್. ಮನುಷ್ಯರ ದೇಹದಲ್ಲಿ ಒಂದು ಕಾಣದ ಕಾಂತಶಕ್ತಿ ಹರಿಯುತ್ತೆ, ತಾನು ಅದನ್ನ ಸರಿ ಮಾಡಿ ರೋಗ ವಾಸಿ ಮಾಡ್ತೀನಿ ಅಂತಿದ್ದ. 1784ರಲ್ಲಿ ರಾಜ 16ನೇ ಲೂಯಿ ಒಂದು ತನಿಖಾ ಸಮಿತಿ ಮಾಡಿದ. ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಇಬ್ರೂ ಅದರಲ್ಲಿದ್ರು. ಅವರ ಒಂದು ಪರೀಕ್ಷೆ ಕೇಳಿ: ಫ್ರಾಂಕ್ಲಿನ್ ತೋಟದಲ್ಲಿ ಒಂದು ಮರಕ್ಕೆ ಮಾತ್ರ "ಶಕ್ತಿ ತುಂಬಿಸಿ", ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಬೇರೆ ಬೇರೆ ಮರಗಳ ಹತ್ತಿರ ಕರ್ಕೊಂಡು ಹೋದ್ರು. ಹುಡುಗ ಮೂರ್ಛೆ ಹೋದ. ಆದರೆ ತಪ್ಪು ಮರದ ಹತ್ತಿರ! ಶಕ್ತಿ ಮರದಲ್ಲಿರಲಿಲ್ಲ, ಹುಡುಗನ ನಂಬಿಕೆಯಲ್ಲಿತ್ತು.

3/8
ಸಮಿತಿ "ಬರೀ ಕಲ್ಪನೆ" ಅಂತ ಫೈಲ್ ಮುಚ್ಚಿತು. ಆದರೆ ಕಲ್ಪನೆಗೇ ಒಬ್ಬ ಹುಡುಗನ್ನ ನೆಲಕ್ಕೆ ಬೀಳಿಸೋ ತಾಕತ್ತಿದ್ರೆ ಅದೇ ದೊಡ್ಡ ವಿಷಯ ಅಲ್ವಾ? ಇದನ್ನ ಗಟ್ಟಿಯಾಗಿ ಹೇಳಿದವರು ನಮ್ಮ ಪಕ್ಕದ ಗೋವಾದವರು. ಅಬ್ಬೆ ಫಾರಿಯಾ, 1756ರಲ್ಲಿ ಕಾಂಡೋಲಿಮ್‌ನಲ್ಲಿ ಹುಟ್ಟಿದ ಪಾದ್ರಿ. ಅವರ ಬಗ್ಗೆ ಗೋವಾದಲ್ಲಿ ಒಂದು ಕಥೆ ಹೇಳ್ತಾರೆ. ಪೋರ್ಚುಗಲ್‌ನಲ್ಲಿ ದೊಡ್ಡವರ ಮುಂದೆ ಪ್ರವಚನಕ್ಕೆ ನಿಂತಾಗ ಅವರಿಗೆ ಬಾಯೇ ಬರಲಿಲ್ಲವಂತೆ. ಆಗ ಅವರಪ್ಪ ಕೊಂಕಣಿಯಲ್ಲಿ, ಇವರೆಲ್ಲ ಬರೀ ತರಕಾರಿ, ಹೆಚ್ಚಿ ಹಾಕು ಅಂತ ಪಿಸುಗುಟ್ಟಿದ್ರಂತೆ. ತಕ್ಷಣ ಮಾತು ಹರೀತು. ಒಂದೇ ಒಂದು ಮಾತು ಮನಸ್ಸನ್ನ ಹೀಗೆ ತಿರುಗಿಸಬಹುದಾ ಅನ್ನೋ ಪ್ರಶ್ನೆ ಅಲ್ಲೇ ಶುರುವಾಯ್ತು ಅಂತ ಕಥೆ.

1813ರಲ್ಲಿ ಅವರು ಪ್ಯಾರಿಸ್‌ನಲ್ಲಿ ಜನರ ಮುಂದೆ ಪ್ರಯೋಗ ಶುರು ಮಾಡಿದ್ರು. ಅವರ ವಾದ: ಮಲಗಿಸೋನ ಕೈಯಲ್ಲಿ ಯಾವ ಶಕ್ತಿಯೂ ಇಲ್ಲ, ಎಲ್ಲ ಮಲಗೋನ ಮನಸ್ಸಲ್ಲೇ ಇದೆ. ಪ್ಯಾರಿಸ್ ಜನ ಅವರ ಮೇಲೆ ನಾಟಕ ಆಡಿ ಗೇಲಿ ಮಾಡಿದ್ರು. 1819ರಲ್ಲಿ ತೀರಿಕೊಂಡ್ರು. ಇವತ್ತು ಪಣಜಿಯಲ್ಲಿ ಅವರ ಪ್ರತಿಮೆ ಇದೆ, ಟ್ರಿಪ್ ಹೋದಾಗ ನೋಡಿ.

ನಮ್ಮ ಬಸ್‌ಸ್ಟ್ಯಾಂಡ್ ಗೋಡೆ ಮೇಲೆ "ವಶೀಕರಣ" ಅಂತ ಚೀಟಿ ಅಂಟಿಸಿರ್ತಾರಲ್ಲ, ಆ ಪದದಲ್ಲಿ ಶಕ್ತಿ ಇನ್ನೊಬ್ಬನದು. ಫಾರಿಯಾ ಹೇಳಿದ್ದು ಅದರ ಉಲ್ಟಾ. ಇದು ನೆನಪಿರಲಿ, ಮುಂದೆ ಬೇಕಾಗುತ್ತೆ.

4/8
1843ರಲ್ಲಿ ಮ್ಯಾಂಚೆಸ್ಟರ್‌ನ ಸರ್ಜನ್ ಜೇಮ್ಸ್ ಬ್ರೇಡ್ ಪುಸ್ತಕ ಬರೆದು "ಹಿಪ್ನಾಟಿಸಂ" ಪದವನ್ನ ಚಾಲ್ತಿಗೆ ತಂದ. 1845ರಿಂದ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಅನ್ನೋ ಡಾಕ್ಟರ್ ರೋಗಿಗಳನ್ನ ಹೀಗೆ ಮಲಗಿಸಿ ಗಡ್ಡೆ ಆಪರೇಷನ್ ಮಾಡ್ತಿದ್ದ. ಸ್ವಲ್ಪ ದಿನದಲ್ಲೇ ಈಥರ್, ಕ್ಲೋರೋಫಾರ್ಮ್ ಬಂದ್ವು. ಅವು ಬೇಗ ಕೆಲಸ ಮಾಡ್ತಿದ್ವು, ಸಮ್ಮೋಹನ ಹಿಂದೆ ಸರೀತು.

5/8
ಈಗ ಇನ್ನೊಂದು ಲೆಡ್ಜರ್. 1862ರಲ್ಲಿ ಲಂಡನ್‌ನ ವಿಲಿಯಂ ಬ್ಯಾಂಟಿಂಗ್‌ಗೆ ವಯಸ್ಸು 60 ದಾಟಿತ್ತು, ತೂಕ 202 ಪೌಂಡ್, ಅಂದ್ರೆ 91 ಕೆಜಿಗೂ ಜಾಸ್ತಿ. ರಾಜಮನೆತನದವರ ಅಂತ್ಯಕ್ರಿಯೆ ವ್ಯವಸ್ಥೆ ಮಾಡೋ ಮನೆತನ ಅವನದು. ಕಿವಿ ಸರಿಯಾಗಿ ಕೇಳ್ತಿಲ್ಲ ಅಂತ ಡಾಕ್ಟರ್ ವಿಲಿಯಂ ಹಾರ್ವಿ ಹತ್ರ ಹೋದ. ಅವರು ಬ್ರೆಡ್, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಡು ಅಂದ್ರು. ಸುಮಾರು ಒಂದು ವರ್ಷದಲ್ಲಿ 46 ಪೌಂಡ್ ಇಳಿದ. 1863ರಲ್ಲಿ ತನ್ನದೇ ಖರ್ಚಲ್ಲಿ ಪುಟ್ಟ ಪುಸ್ತಕ ಅಚ್ಚು ಹಾಕಿಸಿದ, ಸಿಕ್ಕಾಪಟ್ಟೆ ಓಡ್ತು. ಸ್ವೀಡಿಷ್ ಭಾಷೆಯಲ್ಲಿ ಇವತ್ತಿಗೂ ಡಯಟ್ ಮಾಡೋದಕ್ಕೆ "ಬಾಂಟಾ" ಅಂತಾರೆ, ಅವನ ಹೆಸರಿಂದಲೇ. ಗಮನಿಸಿ: ಅವನಿಗೆ ಯಾರೂ ಸಮ್ಮೋಹನ ಮಾಡಿರಲಿಲ್ಲ. ಅವನ ಕೈಲಿದ್ದಿದ್ದು ಒಂದು ಪಟ್ಟಿ, ಒಬ್ಬ ಡಾಕ್ಟರ್, ತಟ್ಟೆ ಬದಲಾಯಿಸೋಕೆ ಸಾಕಷ್ಟು ದುಡ್ಡು.

6/8
20ನೇ ಶತಮಾನದಲ್ಲಿ ಎರಡೂ ಸೇರ್ಕೊಂಡ್ವು. 1995ರಲ್ಲಿ ಅಮೆರಿಕದಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದವರು, ಬಿಹೇವಿಯರ್ ಥೆರಪಿ ಜೊತೆ ಹಿಪ್ನಾಸಿಸ್ ಸೇರಿಸಿದ್ರೆ ಲಾಭ ದೊಡ್ಡದು, ಅದರಲ್ಲೂ ತೂಕ ಇಳಿಸೋದ್ರಲ್ಲಿ ಅಂದ್ರು. 1996ರಲ್ಲಿ ಇನ್ನಿಬ್ಬರು ಅದೇ ಅಂಕಿಗಳನ್ನ ತಿರುಗಿ ಆಡಿಟ್ ಮಾಡಿದ್ರು. ತಪ್ಪುಗಳನ್ನ ತಿದ್ದಿದ ಮೇಲೆ ಉಳಿದ ಲಾಭ ಸಣ್ಣದು. ಸೊನ್ನೆ ಅಲ್ಲ, ಆದರೆ ರೀಲ್ಸ್‌ನವರು ಮಾರೋವಷ್ಟೂ ಅಲ್ಲ. ಇನ್ನೊಂದು ವಿಷಯ: ಅಲ್ಲಿ ಹಿಪ್ನಾಸಿಸ್ ಒಂಟಿಯಾಗಿರಲಿಲ್ಲ, ಚಿಕಿತ್ಸೆ ಜೊತೆಗಿತ್ತು.

7/8
ಈಗ ನಮ್ಮೂರಿನ ತಟ್ಟೆಗೆ ಬನ್ನಿ. ಹಳೇ ಮೈಸೂರು ಸೀಮೆಯ ಹಳ್ಳಿ ಊಟ ಅಂದ್ರೆ ರಾಗಿಮುದ್ದೆ, ಹುರುಳಿ, ಅವರೆಕಾಳು, ಸೊಪ್ಪು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯ್ತು. ಆಮೇಲೆ ನಾಲೆ ನೀರು ಮಂಡ್ಯಕ್ಕೆ ಹರೀತು, ಒಣ ಹೊಲ ಗದ್ದೆಯಾಯ್ತು, ಭತ್ತ ಕಬ್ಬು ಬೆಳೆದ್ವು. 1933ರಲ್ಲಿ ಮಂಡ್ಯಕ್ಕೆ ಮೈಸೂರು ಸಕ್ಕರೆ ಕಂಪನಿ ಬಂತು. ಹಬ್ಬಕ್ಕೆ ಮಾತ್ರ ಆಗ್ತಿದ್ದ ಅನ್ನ ದಿನದ ಊಟ ಆಯ್ತು. ಹಸಿವಿನ ಕಾಲ ಕಂಡವರಿಗೆ ಅದು ದೊಡ್ಡ ಗೆಲುವು, ಅದನ್ನ ಹೀಯಾಳಿಸೋ ಹಕ್ಕು ನಮಗಿಲ್ಲ. ಆದರೆ ಲೆಕ್ಕ ಈಗ ಬೇರೆ: 2025ರಲ್ಲಿ ಬಂದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ 62% ಕಾರ್ಬ್‌ನಿಂದಲೇ. ಮುದ್ದೆ ಅಭಿಮಾನಿಗಳೇ, ನೀವೂ ಕೇಳಿ. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ, ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದೆ. ಅಕ್ಕಿಯಲ್ಲಿ 78.

ನಮ್ಮ ದೊಡ್ಡಮ್ಮನಿಗೆ ಶುಗರ್ ಇದೆ, ಮಾತ್ರೆ ತಗೋತಾರೆ. ಇಂಥದ್ದೇ ಒಂದು ಆಡಿಯೋ ಪ್ಯಾಕೇಜ್ ತಗೊಂಡು ಒಂದೇ ಸಲ ಅನ್ನ, ಚಪಾತಿ ಎಲ್ಲ ನಿಲ್ಲಿಸಿದ್ರು. ಮಾತ್ರೆ ಮಾತ್ರ ಮೊದಲಿನಷ್ಟೇ. ಮೂರನೇ ದಿನ ಬೆವರಿ, ಕೈ ನಡುಗಿ ಅಡುಗೆಮನೇಲಿ ಕೂತ್ಬಿಟ್ರು. ಶುಗರ್ ಪೂರ್ತಿ ಇಳಿದುಹೋಗಿತ್ತು. ಪಕ್ಕದ ಮನೆ ಆಂಟಿ ಸಕ್ಕರೆ ನೀರು ಕುಡಿಸಿದ್ರು. ಆಮೇಲೆ ಡಾಕ್ಟರ್ ಮಾತ್ರೆ ಡೋಸ್ ಕಮ್ಮಿ ಮಾಡಿ, ಅನ್ನವನ್ನ ನಿಧಾನಕ್ಕೆ ಕಮ್ಮಿ ಮಾಡಿಸಿದ್ರು. ಆಡಿಯೋದಲ್ಲಿದ್ದ ಧ್ವನಿ ಅವರ ಮಾತ್ರೆ ಬಗ್ಗೆ ಒಂದು ಪ್ರಶ್ನೆನೂ ಕೇಳಿರಲಿಲ್ಲ.

8/8
ಬ್ಯಾಲೆನ್ಸ್ ಶೀಟ್. ಸಮ್ಮೋಹನ ಮೋಸ ಅಂತ ನಾನು ಹೇಳ್ತಿಲ್ಲ. ಮಾತಿಗೆ ಶಕ್ತಿ ಇದೆ. ಯೋಚನೆ ಮಾಡಿ, ನಾವೆಲ್ಲ ಹುಟ್ಟಿದಾಗಿಂದ "ಇನ್ನೊಂಚೂರು ಅನ್ನ ಹಾಕ್ಸ್ಕೊ, ಏನೂ ತಿಂದೇ ಇಲ್ಲ" ಅನ್ನೋ ಸೂಚನೆಯಲ್ಲೇ ಬೆಳೆದಿದ್ದೀವಿ. ಅಜ್ಜಿಗಿಂತ ದೊಡ್ಡ ಹಿಪ್ನಾಟಿಸ್ಟ್ ಯಾರಿದ್ದಾರೆ ಹೇಳಿ! ಹಾಗಾಗಿ ಇನ್ನೊಂದು ಮಾತು ಅದನ್ನ ಸ್ವಲ್ಪ ತಿರುಗಿಸಬಹುದು. ಆದರೆ ಫಾರಿಯಾ ಹೇಳಿದ ಹಾಗೆ ಆ ಶಕ್ತಿ ನಿಮ್ಮದು, ಪ್ಯಾಕೇಜ್ ಮಾರೋನದ್ದಲ್ಲ. ನಾಲೆ, ಗದ್ದೆ, ಕಾರ್ಖಾನೆ ಸೇರಿ ನೂರು ವರ್ಷದಲ್ಲಿ ಕಟ್ಟಿದ ತಟ್ಟೆ 21 ದಿನದಲ್ಲಿ ಕಣ್ಣು ಮುಚ್ಚಿದ್ರೆ ಬದಲಾಗಲ್ಲ. ಅದಕ್ಕೆ ಕಾಳು, ಸೊಪ್ಪು, ಮೊಟ್ಟೆ ತರೋ ದುಡ್ಡು ಬೇಕು, ಮನೆಯವರೆಲ್ಲರ ಒಪ್ಪಿಗೆ ಬೇಕು.

ಮನೇಲಿ ಯಾರಾದ್ರೂ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ರೆ, 7ನೇ ಭಾಗ ಇವತ್ತೇ ಅವರಿಗೆ ಓದಿ ಹೇಳಿ. ಡಾಕ್ಟರ್‌ನ ಕೇಳದೆ ಅನ್ನ ಪೂರ್ತಿ ನಿಲ್ಲಿಸೋದು ಬೇಡ. ನಿಮ್ಮ ಮನೆ ತಟ್ಟೆ ಅಜ್ಜಿ ಕಾಲದಿಂದ ಹೇಗೆ ಬದಲಾಗಿದೆ, ಕೇಳಿ ಬಂದು ಕಾಮೆಂಟ್ ಹಾಕಿ. ಎಲ್ಲಾ ಓದ್ತೀನಿ.

#ಮೈಸೂರು #ಇತಿಹಾಸದಲೆಕ್ಕ #ಸಮ್ಮೋಹನ