ಕಲ್ಲಿನ ಶಾಸನದಿಂದ ಪಹಣಿ ಪ್ರಿಂಟಿನವರೆಗೆ

ಬೇಲೂರು, ಹಳೇಬೀಡಿನ ಸುತ್ತಮುತ್ತಲ ದೇವಸ್ಥಾನಗಳ ಹೊಯ್ಸಳ ಶಾಸನಗಳಲ್ಲಿ ರಾಜರ ಹೊಗಳಿಕೆ ಮುಗಿದ ಮೇಲೆ ಹೆಚ್ಚಾಗಿ ಬರುವುದು ಜಮೀನಿನ ಲೆಕ್ಕ. ದತ್ತಿ ಬಿಟ್ಟ ಭೂಮಿ ಯಾವುದು, ಎಲ್ಲೆ ಎಲ್ಲಿ, ಅದನ್ನು ಕಸಿದವರಿಗೆ ಎಂಥ ಪಾಪ ಎಂದೆಲ್ಲ ಬರೆದಿರುತ್ತದೆ. ನಾಲ್ಕು ಜನ ಓಡಾಡುವ ಜಾಗದ ಕಲ್ಲನ್ನು ಕದ್ದುಮುಚ್ಚಿ ತಿದ್ದುವುದು ಸುಲಭವಲ್ಲ.

ಮುಂದೆ ಲೆಕ್ಕ ಶಾನುಭೋಗರ ಕಡತಕ್ಕೆ ಬಂತು. ವಂಶಪಾರಂಪರ್ಯದ ಗ್ರಾಮಾಧಿಕಾರ 1961ರ ಕಾಯ್ದೆಯಿಂದ ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಪಹಣಿ ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಉಳಿಯಿತು. ಅವರು ಸಿಕ್ಕಿದ ದಿನ ಪಹಣಿ, ಅವರು ಬರೆದದ್ದೇ ಸತ್ಯ.

2000ದ ಹೊತ್ತಿಗೆ ಶುರುವಾದ 'ಭೂಮಿ' ಯೋಜನೆ ಇದನ್ನು ಬದಲಿಸಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ಕಂಪ್ಯೂಟರ್‌ಗೆ ಹೋದವು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗುತ್ತಿತ್ತು. ಅರಸೀಕೆರೆಯವರಿಗೆ ಅರಸೀಕೆರೆ, ಹಳೇಬೀಡು ಹೋಬಳಿಯವರಿಗೆ ಬೇಲೂರು. 2006ರಲ್ಲಿ ನೆಮ್ಮದಿ ಕೇಂದ್ರಗಳು ಹೋಬಳಿಗೆ ಬಂದವು. 2022ರಲ್ಲಿ ಗ್ರಾಮ ಒನ್ ಪಂಚಾಯಿತಿಗೇ ಬಂತು.

ಕಂಪ್ಯೂಟರ್ ತಂದಿಟ್ಟ ಮಾತ್ರಕ್ಕೆ ಇದು ಆಗಲಿಲ್ಲ. ಕೇಂದ್ರದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ವಿದ್ಯುನ್ಮಾನ ದಾಖಲೆಗೂ ಡಿಜಿಟಲ್ ಸಹಿಗೂ ಕಾನೂನಿನ ಬೆಲೆ ಕೊಟ್ಟದ್ದು ಅದು. ಆಮೇಲೆ 2010ರಿಂದ ಆಧಾರ್, 2014ರಲ್ಲಿ ಜನಧನ್ ಖಾತೆ, 2016ರಲ್ಲಿ ಯುಪಿಐ. ಕಾನೂನು, ಗುರುತು, ಬ್ಯಾಂಕ್ ಖಾತೆ, ಮೊಬೈಲ್ ಸಿಗ್ನಲ್ ಎಲ್ಲ ಕೂಡಿದ ಮೇಲೆಯೇ ಎಳನೀರು ಗಾಡಿಗೂ ಕ್ಯೂಆರ್ ಕೋಡ್ ಅಂಟಿದ್ದು.

ಆದರೆ ಹಳೇ ಪುಸ್ತಕದ ತಪ್ಪೂ ಕಂಪ್ಯೂಟರ್‌ಗೆ ಹಾಗೇ ಹೋಯಿತು. ನಮ್ಮಜ್ಜಿಯ ಹೆಸರು ಪಹಣಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಪಿಎಂ ಕಿಸಾನ್ ಕಂತು ನಿಂತಾಗಲೇ ನಮಗೆ ಗೊತ್ತಾಗಿದ್ದು. "ನನ್ನ ಹೊಲ ನನ್ನದಲ್ವೇನೋ ಮಗಾ?" ಎಂದು ಅಜ್ಜಿ ಕೇಳಿದರೆ ಏನು ಹೇಳುವುದು? ಒಂದಕ್ಷರ ಸರಿಯಾಗಲು ಹನ್ನೊಂದು ತಿಂಗಳು ಅಲೆದೆವು.

ಶಾಸನ ಉಳಿದದ್ದು ಕಲ್ಲು ಗಟ್ಟಿ ಎಂದಷ್ಟೇ ಅಲ್ಲ, ಊರಿನವರ ಕಣ್ಣೆದುರು ಇತ್ತು ಎಂದೂ ಹೌದು. ಇವತ್ತು ಆ ಕಲ್ಲು ನಿಮ್ಮ ಫೋನಿನಲ್ಲಿದೆ. ಬಿಡುವಾದಾಗ ಭೂಮಿ ಜಾಲತಾಣ ತೆರೆದು ಸರ್ವೆ ನಂಬರ್, ವಿಸ್ತೀರ್ಣ, ಹೆಸರು ಮೂರನ್ನೂ ನೋಡಿ. ತಪ್ಪಿದ್ದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಂತು ನಿಲ್ಲುವವರೆಗೆ ಕಾಯಬೇಡಿ.