ಗಾಲ್ಫ್: ಗುಳಿ ಎಲ್ಲಿ ತೋಡಿದರೆ ನ್ಯಾಯ, ಎಲ್ಲಿ ತೋಡಿದರೆ ಅನ್ಯಾಯ?

ರಾಯದುರ್ಗ, ಮಡಕಶಿರ ಕಡೆ ಗೋಲಿ ಆಡದೆ ಬೆಳೆದವರು ಕಡಿಮೆ. ಮನೆಮಾತು ಕನ್ನಡವಾಗಲಿ ತೆಲುಗಾಗಲಿ, ಜಗಳ ಮಾತ್ರ ಒಂದೇ: ಗುಳಿ ತೋಡುವವರು ಯಾರು? ತನ್ನ ಮನೆ ಮುಂದಿನ ಇಳಿಜಾರಿನಲ್ಲಿ ಗುಳಿ ತೋಡಿದ ಹುಡುಗನಿಗೆ ಗೋಲಿ ಎಲ್ಲಿ ತಿರುಗುತ್ತದೆ ಎಂಬುದು ಮೊದಲೇ ಗೊತ್ತು. ಪಕ್ಕದ ಬೀದಿಯಿಂದ ಬಂದವನ ಗೋಲಿ ಗುಳಿಯ ಹತ್ತಿರ ಹೋಗಿ ವಾಪಸ್ ಉರುಳುತ್ತದೆ. ಮೋಸ, ಮೋಸ ಎಂದು ಕೂಗಾಟ ಶುರುವಾಗುತ್ತದೆ.

ಕೋಟಿಗಟ್ಟಲೆ ಬಹುಮಾನದ ಗಾಲ್ಫ್ ಆಟದಲ್ಲೂ ಇದೇ ಜಗಳ ಇದೆ ಎಂದರೆ ನಂಬುತ್ತೀರಾ? ನಮ್ಮ ಊರುಗಳಲ್ಲಿ ಗಾಲ್ಫ್ ಮೈದಾನ ಇಲ್ಲ. ಆದರೆ ಟಿವಿಯಲ್ಲಿ ನೋಡುವವರಿದ್ದಾರೆ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಮೈದಾನದ ಬೇಲಿಯಾಚೆಯಿಂದ ಕಂಡವರೂ ಇದ್ದಾರೆ. ಅವರಿಗಾಗಿ ಈ ಮಾಹಿತಿ.

ಗುಳಿಯ ಅಳತೆ ಎಷ್ಟು?

ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ 18 ಗುಳಿಗಳು. ಪ್ರತಿ ಗುಳಿಯ ಸುತ್ತ ತೀರಾ ಸಣ್ಣಗೆ ಕತ್ತರಿಸಿದ ಹುಲ್ಲಿನ ಹಾಸು ಇರುತ್ತದೆ. ಇದಕ್ಕೆ ಗ್ರೀನ್ ಎನ್ನುತ್ತಾರೆ. ಗುಳಿಯ ಅಗಲ ಪ್ರಪಂಚದಲ್ಲೆಲ್ಲ ಒಂದೇ: ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್. 1891ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಕ್ಲಬ್ ಇದನ್ನು ಖಾಯಂ ಮಾಡಿತು. ಆಳ ಕನಿಷ್ಠ 4 ಅಂಗುಲ ಇರಬೇಕು.

ಅಗಲಕ್ಕೆ, ಆಳಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. ಆದರೆ ಗ್ರೀನ್ ಮೇಲೆ ಗುಳಿ ಎಲ್ಲಿರಬೇಕು ಎಂಬುದಕ್ಕೆ ಅಂಥ ನಿಯಮ ಇಲ್ಲ, ಬರೀ ಸಲಹೆಗಳಿವೆ. ಜಗಳವೆಲ್ಲ ಹುಟ್ಟುವುದು ಇಲ್ಲೇ.

ಜಾಗ ಬದಲಿಸುವುದು ಏಕೆ?

ಗುಳಿ ಒಂದೇ ಕಡೆ ಇದ್ದರೆ ಸುತ್ತ ನೂರಾರು ಜನ ತುಳಿದು ಹುಲ್ಲು ಸಾಯುತ್ತದೆ. ಆದ್ದರಿಂದ ಮಾಲಿಗಳು ಹಳೆಯ ಗುಳಿಯನ್ನು ಮುಚ್ಚಿ ಬೇರೆ ಕಡೆ ಹೊಸದನ್ನು ತೋಡುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಇದು ಪ್ರತಿದಿನ ಬೆಳಿಗ್ಗೆಯ ಕೆಲಸ. ಕೊಳವೆಯಂಥ ಕಟರ್ ಅನ್ನು ನೆಲಕ್ಕೆ ಒತ್ತಿ ತಿರುಗಿಸಿದರೆ ಹುಲ್ಲು ಸಮೇತ ಮಣ್ಣಿನ ಉಂಡೆ ಮೇಲೆ ಬರುತ್ತದೆ. ಅದೇ ಉಂಡೆಯಿಂದ ಹಳೆಯ ಗುಳಿ ಮುಚ್ಚುತ್ತಾರೆ.

ಜಾಗ ಬದಲಾದಂತೆ ಆಟವೂ ಬದಲಾಗುತ್ತದೆ. ನಿನ್ನೆ ಸುಲಭವಾಗಿದ್ದ ಗ್ರೀನ್ ಇವತ್ತು ಬೆವರು ಇಳಿಸಬಹುದು. ಪಂದ್ಯದ ದಿನ ಗುಳಿ ಅಂಚಿನಿಂದ ಎಷ್ಟು ಹೆಜ್ಜೆ ದೂರ ಇದೆ ಎಂದು ಬರೆದ ಚೀಟಿಯನ್ನು ಆಟಗಾರರಿಗೆ ಕೊಡುತ್ತಾರೆ.

ಗರಿಕೆ ಮತ್ತು ಇಳಿಜಾರು

ಬಿಸಿಲು ನಾಡಿನ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಬೇರೇನಲ್ಲ, ನಮ್ಮ ಗರಿಕೆಯ ಜಾತಿ. ತೆಲುಗಿನವರು ಗರಿಕ ಎನ್ನುವುದೂ ಇದನ್ನೇ. ಗಣಪತಿಗೆ ಏರಿಸುವ ಈ ಹುಲ್ಲಿನ ಮಿಶ್ರ ತಳಿಗಳನ್ನು ಗ್ರೀನ್ ಮೇಲೆ ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಗರಿಕೆ ಒಂದು ಕಡೆಗೆ ಒರಗಿ ಬೆಳೆಯುತ್ತದೆ. ಒರಗಿದ ದಿಕ್ಕಿಗೆ ಹೊಡೆದ ಚೆಂಡು ಬೇಗ ಉರುಳುತ್ತದೆ, ಎದುರು ದಿಕ್ಕಿಗೆ ಹೊಡೆದದ್ದು ನಿಧಾನ.

ಗ್ರೀನ್ ಎಷ್ಟು ವೇಗವಾಗಿದೆ ಎಂದು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸಾಧನ ಇದೆ. ಅಮೆರಿಕದ ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಇದನ್ನು ಮಾಡಿದರು. ಕಾಲುವೆಯಂತೆ ಮಡಿಸಿದ ಉದ್ದನೆಯ ಪಟ್ಟಿ, ಅಷ್ಟೇ. ಅದರ ಮೇಲಿನಿಂದ ಜಾರಿಬಿಟ್ಟ ಚೆಂಡು ಸಮತಟ್ಟಾದ ಜಾಗದಲ್ಲಿ ಎಷ್ಟು ಅಡಿ ಉರುಳಿತು ಎಂಬುದೇ ವೇಗ. 8 ಬಂದರೆ ನಿಧಾನದ ಗ್ರೀನ್, 12 ಬಂದರೆ ಗಾಜಿನಂಥ ಗ್ರೀನ್.

ಮಡಿಗೆ ನೀರು ಕಟ್ಟುವ ರೈತರಿಗೆ ಇಳಿಜಾರಿನ ಲೆಕ್ಕ ಹೇಳಿಕೊಡಬೇಕಿಲ್ಲ. 100 ಅಡಿಗೆ 3 ಅಡಿ ಇಳಿದರೂ ನೀರು ಓಡುತ್ತದೆ. ಚೆಂಡಿನ ಕತೆಯೂ ಅಷ್ಟೇ. ವೇಗ 8 ಇದ್ದಾಗ ನಿಲ್ಲುವ ಚೆಂಡು, ಅದೇ ಇಳಿಜಾರಿನಲ್ಲಿ ವೇಗ 12 ಆದಾಗ ನಿಲ್ಲದೆ ಹೋಗಬಹುದು. ಬೆಳಿಗ್ಗೆ ಇಬ್ಬನಿಯಲ್ಲಿ ಸರಿ ಕಂಡ ಗುಳಿ ಮಧ್ಯಾಹ್ನ ಬಿಸಿಲು, ಗಾಳಿಗೆ ಗ್ರೀನ್ ಒಣಗಿದ ಮೇಲೆ ಅನ್ಯಾಯದ ಗುಳಿ ಆಗುವುದು ಹೀಗೆ.

ಕಷ್ಟ ಬೇರೆ, ಅನ್ಯಾಯ ಬೇರೆ

ಅನುಭವಿಗಳು ಗುಳಿಯ ಜಾಗವನ್ನು ಹೀಗೆ ನೋಡುತ್ತಾರೆ.

1. ಮರಳು ಗುಂಡಿಯ ಹಿಂದೆ, ಅಂಚಿಗೆ ಹತ್ತಿರ: ಬಾವುಟ ಕಣ್ಣೆದುರೇ ಕಂಡು ಆಸೆ ಹುಟ್ಟಿಸುತ್ತದೆ. ನೇರ ಹೊಡೆಯಲು ಹೋದರೆ ಚೆಂಡು ಮರಳಿಗೆ. ಆದರೆ ಗ್ರೀನ್ ಮಧ್ಯಕ್ಕೆ ಹೊಡೆಯುವ ದಾರಿ ತೆರೆದೇ ಇದೆ. ಇದು ಕಷ್ಟದ ಜಾಗ, ಅನ್ಯಾಯ ಅಲ್ಲ.

2. ಮೆಟ್ಟಿಲಿನಂಥ ಎತ್ತರದ ಹಂತದ ಮೇಲೆ: ಚೆಂಡು ನಿಲ್ಲುವಷ್ಟು ಅಗಲ ಇದ್ದರೆ ನ್ಯಾಯ. ಅಂಗೈಯಷ್ಟೇ ಜಾಗ ಇದ್ದರೆ ಅನ್ಯಾಯ.

3. ಬೋರಲು ಹಾಕಿದ ಬಟ್ಟಲಿನಂಥ ದಿಬ್ಬದ ನೆತ್ತಿ: ಗುಳಿ ತಪ್ಪಿದ ಚೆಂಡು ಯಾವ ಕಡೆಯಿಂದ ಬಂದರೂ ಕೆಳಗೆ ಜಾರುತ್ತದೆ. ಇಲ್ಲಿ ಜಾಣ್ಮೆಗಿಂತ ಅದೃಷ್ಟವೇ ಹೆಚ್ಚು.

4. ಕಡಿದಾದ ಇಳಿಜಾರಿನ ನಡುವೆ: ಕೆಳಗಿನಿಂದ ಹೊಡೆದ ಚೆಂಡು ಗುಳಿ ಮುಟ್ಟದಿದ್ದರೆ ಹೊಡೆದವನ ಕಾಲ ಬುಡಕ್ಕೇ ವಾಪಸ್. ಮೇಲಿನಿಂದ ಮೆಲ್ಲಗೆ ಮುಟ್ಟಿದರೂ ಗ್ರೀನ್ ಆಚೆ. ಎಲ್ಲರೂ ದೂರುವುದು ಇದನ್ನೇ.

ಒಟ್ಟಿನಲ್ಲಿ ಒಂದೇ ಪರೀಕ್ಷೆ: ಚೆನ್ನಾಗಿ ಹೊಡೆದ ಚೆಂಡು ಗುಳಿಯ ಹತ್ತಿರ ನಿಲ್ಲುತ್ತದೆಯೇ? ನಿಂತರೆ ಅದು ಎಷ್ಟೇ ಕಷ್ಟವಾದರೂ ನ್ಯಾಯ. ಎಲ್ಲರಿಗೂ ಅದೇ ಗುಳಿ ತಾನೇ ಎಂಬ ವಾದ ಪೂರ್ತಿ ಸರಿಯಲ್ಲ. ಚೆಂಡು ನಿಲ್ಲದ ಜಾಗದಲ್ಲಿ ಚೆನ್ನಾಗಿ ಆಡಿದವನಿಗೂ ಕೆಟ್ಟದಾಗಿ ಆಡಿದವನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ.

ಇದಕ್ಕಾಗಿಯೇ ಗುಳಿಯ ಸುತ್ತ ಎರಡು ಮೂರು ಅಡಿ ಆದಷ್ಟು ಸಮವಾಗಿರಲಿ, ಅಂಚಿನಿಂದ ಸುಮಾರು ನಾಲ್ಕು ಹೆಜ್ಜೆ ಒಳಗಿರಲಿ, 18ರಲ್ಲಿ ಆರು ಸುಲಭ, ಆರು ಮಧ್ಯಮ, ಆರು ಕಷ್ಟ ಇರಲಿ ಎಂಬ ವಾಡಿಕೆಯ ಸಲಹೆಗಳಿವೆ.

ದೊಡ್ಡವರೂ ತಪ್ಪಿದ್ದುಂಟು

1998ರ ಯುಎಸ್ ಓಪನ್ ಸ್ಯಾನ್ ಫ್ರಾನ್ಸಿಸ್ಕೋದ ಒಲಿಂಪಿಕ್ ಕ್ಲಬ್‌ನಲ್ಲಿ ನಡೆಯಿತು. ಎರಡನೇ ದಿನ 18ನೇ ಗುಳಿಯನ್ನು ಇಳಿಜಾರಿನಲ್ಲಿ ತೋಡಿದ್ದರು. ಪೇನ್ ಸ್ಟುವರ್ಟ್ ಸುಮಾರು 8 ಅಡಿಯಿಂದ ಮೆಲ್ಲಗೆ ತಳ್ಳಿದ ಚೆಂಡು ಗುಳಿಯ ಪಕ್ಕದಲ್ಲೇ ಹಾದು ಉರುಳುತ್ತಾ ಉರುಳುತ್ತಾ ಸುಮಾರು 25 ಅಡಿ ದೂರ ಹೋಯಿತು. ಅವರು ನೋಡುತ್ತಾ ನಿಂತರು. ಕೊನೆಗೆ ಲೀ ಜಾನ್ಜೆನ್ ಎದುರು ಅವರು ಸೋತಿದ್ದು ಒಂದೇ ಒಂದು ಹೊಡೆತದಿಂದ. ಆ ಜಾಗ ತಪ್ಪಾಗಿತ್ತು ಎಂದು ಆಯೋಜಕರೇ ನಂತರ ಒಪ್ಪಿಕೊಂಡರು.

2004ರಲ್ಲಿ ನ್ಯೂಯಾರ್ಕ್ ಬಳಿಯ ಶಿನ್ನಕಾಕ್ ಹಿಲ್ಸ್‌ನಲ್ಲಿ ಇನ್ನೂ ಕೆಟ್ಟದಾಯಿತು. ಕೊನೆಯ ದಿನ ಏಳನೇ ಗ್ರೀನ್ ಮೇಲೆ ಚೆಂಡು ನಿಲ್ಲಲೇ ಇಲ್ಲ. ಆಟ ನಡೆಯುತ್ತಿರುವಾಗಲೇ ಗುಂಪು ಗುಂಪಿನ ನಡುವೆ ನೀರು ಚಿಮುಕಿಸಬೇಕಾಯಿತು. ಅಂದು ಒಬ್ಬ ಆಟಗಾರನೂ ಪಾರ್‌ಗಿಂತ ಕಡಿಮೆ ಹೊಡೆತದಲ್ಲಿ ಮುಗಿಸಲಿಲ್ಲ. 2018ರಲ್ಲಿ ಅದೇ ಮೈದಾನದಲ್ಲಿ ಮೂರನೇ ದಿನ ಗಾಳಿ ಎದ್ದು ಮತ್ತೆ ಅದೇ ಗೋಳು. ಫಿಲ್ ಮಿಕೆಲ್ಸನ್ ತಾಳ್ಮೆ ಕಳೆದುಕೊಂಡು, ಉರುಳಿಹೋಗುತ್ತಿದ್ದ ಚೆಂಡಿನ ಹಿಂದೆ ಓಡಿ ಅದು ನಿಲ್ಲುವ ಮೊದಲೇ ಹೊಡೆದುಬಿಟ್ಟರು. ಎರಡು ಹೊಡೆತಗಳ ದಂಡ ಬಿತ್ತು. ಕೆಲವು ಗುಳಿಗಳ ಜಾಗ ಮಿತಿ ಮೀರಿತ್ತು ಎಂದು ಆಯೋಜಕರು ಅಂದೂ ಒಪ್ಪಿದರು.

ನಡುವೆ ತಪ್ಪು ಗೊತ್ತಾದರೆ?

ಆಟಗಾರ ತಾನಾಗಿ ಏನೂ ಮಾಡುವಂತಿಲ್ಲ, ಗುಳಿ ಇದ್ದಲ್ಲಿಗೇ ಆಡಬೇಕು. ಗುರುತಿಟ್ಟು ಎತ್ತಿ ಮತ್ತೆ ಇಟ್ಟ ಚೆಂಡು ಗ್ರೀನ್ ಮೇಲೆ ತಾನಾಗಿ ಜರುಗಿದರೆ ಮಾತ್ರ ಮೊದಲಿನ ಜಾಗಕ್ಕೆ ತಂದಿಡಬೇಕು. ಒಮ್ಮೆಯೂ ಎತ್ತದ ಚೆಂಡು ಗಾಳಿಗೋ ಇಳಿಜಾರಿಗೋ ಉರುಳಿದರೆ, ಅದು ನಿಂತ ಹೊಸ ಜಾಗದಿಂದಲೇ ಆಡಬೇಕು.

ಪಂದ್ಯದ ಸಮಿತಿಗೆ ಇಂಥ ದಾರಿಗಳಿವೆ: ಹಾಗೆಯೇ ಮುಂದುವರಿಸುವುದು, ಗುಂಪುಗಳ ನಡುವೆ ನೀರು ಚಿಮುಕಿಸುವುದು, ಆ ಸುತ್ತನ್ನೇ ರದ್ದು ಮಾಡಿ ಮೊದಲಿನಿಂದ ಆಡಿಸುವುದು, ಆಟ ನಿಲ್ಲಿಸಿ ಗುಳಿಯನ್ನು ಬೇರೆ ಕಡೆ ತೋಡಿ, ಆಗಲೇ ಆಡಿದವರಿಂದ ಸುತ್ತಿನ ಕೊನೆಗೆ ಆ ಗುಳಿಯನ್ನು ಮತ್ತೆ ಆಡಿಸುವುದು. ಇವುಗಳಲ್ಲಿ ಯಾವುದೂ ಎಲ್ಲರಿಗೂ ಒಪ್ಪಿಗೆ ಆಗುವುದಿಲ್ಲ. ನೀರು ಹಾಕಿದರೆ ಮೊದಲು ಆಡಿದವರಿಗೆ ನಷ್ಟ, ರದ್ದು ಮಾಡಿದರೆ ಚೆನ್ನಾಗಿ ಆಡಿದವರಿಗೆ ನಷ್ಟ. ಆದ್ದರಿಂದ ಬೆಳಿಗ್ಗೆ ತೋಡುವಾಗಲೇ ಮಧ್ಯಾಹ್ನದ ಬಿಸಿಲನ್ನು ಲೆಕ್ಕ ಹಾಕಬೇಕು.

ಒಂದು ಹೊಡೆತದ ಬೆಲೆ

ಅಷ್ಟು ತಲೆ ಕೆಡಿಸಿಕೊಳ್ಳುವುದು ಏಕೆ ಎಂದು ಕೇಳಬಹುದು. ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಿರಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರ ಆಗಸ್ಟ್ 7ರಂದು ಕೊನೆಯ ಗುಳಿಯಲ್ಲಿ ಅವರ ಚೆಂಡು ಕೂದಲೆಳೆಯಲ್ಲಿ ತಪ್ಪಿತು. ಒಂದು ಹೊಡೆತದಿಂದ ಪದಕ ಕೈಬಿಟ್ಟು ನಾಲ್ಕನೇ ಸ್ಥಾನ ಬಂತು. ಅಲ್ಲಿ ಗುಳಿಯ ದೂರೇನೂ ಇರಲಿಲ್ಲ. ಆದರೆ ಒಂದು ಹೊಡೆತದ ತೂಕ ಎಷ್ಟು ಎಂದು ಅಂದು ದೇಶಕ್ಕೇ ಗೊತ್ತಾಯಿತು.

ಬೆಂಗಳೂರಿನ ಗಾಲ್ಫ್‌ಗೆ ಹಳೆಯ ಚರಿತ್ರೆ ಇದೆ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಇದು ಶ್ರೀಮಂತರ ಆಟ ನಿಜ. ಆದರೆ ಚೀಲ ಹೊರುವ ಕ್ಯಾಡಿಗಳು, ಹುಲ್ಲು ನೋಡಿಕೊಳ್ಳುವ ಮಾಲಿಗಳು ಬಡವರ ಮನೆಯವರು. ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಚೆಂಡು ಹೆಕ್ಕುವ ಹುಡುಗನಾಗಿ ಶುರುಮಾಡಿ ವೃತ್ತಿಪರ ಆಟಗಾರರಾದರು. ಇಳಿಜಾರು, ಗರಿಕೆ, ಗಾಳಿ ಓದುವುದನ್ನು ಇಂಥವರು ಕಲಿಯುವುದು ನೆಲದ ಮೇಲೆಯೇ.

ಮುಂದಿನ ಸಲ ಟಿವಿಯಲ್ಲಿ ಗಾಲ್ಫ್ ಬಂದರೆ ಹೊಡೆಯುವವರನ್ನು ಮಾತ್ರ ನೋಡಬೇಡಿ. ಬಾವುಟ ಗ್ರೀನ್‌ನ ಯಾವ ಭಾಗದಲ್ಲಿದೆ, ಚೆಂಡು ಅದರ ಹತ್ತಿರ ನಿಲ್ಲುತ್ತಿದೆಯೇ ನೋಡಿ. ಮುಂಜಾನೆ ಕಟರ್ ಹಿಡಿದು ಬಂದವರು ನ್ಯಾಯವಾಗಿ ಗುಳಿ ತೋಡಿದ್ದಾರೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಗೋಲಿ ಆಡಿದ ಕಣ್ಣಿಗೆ ಅಷ್ಟು ಸಾಕು.